ಓದುಗರಿಗೆ ಬೇಕಾದ ಕೊನೆ

ಪ್ರೇಮ ಕಾದಂಬರಿಗಳಿಂದಲೇ ಹೆಸರು ಮಾಡಿದ್ದ ಇಂದುಮತಿಯ ಮನೆಗೆ ಅವಳ ಮಾಜಿ ಗಂಡ ಶ್ರೀಕಂಠ ಬಂದ. ಇವಳಿಗೆ ವಿಚ್ಛೇದನ ಕೊಟ್ಟು ಅವನು ಕಟ್ಟಿಕೊಂಡಿದ್ದ ಲಲಿತೆ ಈಗ ಅವನನ್ನೇ ಬಿಟ್ಟು ಹೋಗಿದ್ದಳು.

“ನನ್ನ ಕಾದಂಬರಿಗಳನ್ನ ಕಸ ಅಂತಿದ್ರಿ,” ಎಂದಳು ಇಂದುಮತಿ.

“ಈಗ ಎಲ್ಲಾ ಓದ್ದೆ ಇಂದು. ಎಷ್ಟೇ ಅತ್ತರೂ ನಾಯಕಿಗೆ ಕೊನೇಲಿ ಸುಖ ಸಿಗತ್ತೆ. ಓದಿದ ಮನಸ್ಸಿಗೆ ತೃಪ್ತಿಯಾಗತ್ತೆ.”

“ಅಷ್ಟೇ ಸಾಲದು. ಅವಳನ್ನ ಅಳಿಸಿದವನು ಆ ಸುಖಾನ ಕಣ್ಣಾರೆ ನೋಡಬೇಕು.”

“ನೋಡೋಕೇ ಬಂದಿದೀನಿ. ಕ್ಷಮಿಸ್ತೀಯಾ?”

“ಕೂತ್ಕೊಳ್ಳಿ.” ಇಂದುಮತಿ ನಕ್ಕು ಅಡುಗೆಮನೆಯ ಕಡೆ ತಿರುಗಿದಳು. “ರೀ, ಇನ್ನೊಂದು ಲೋಟ ಕಾಫಿ ತನ್ನಿ.”

ಕಾಫಿ ಹಿಡಿದು ಬಂದವನು, ಶ್ರೀಕಂಠನಿಗಾಗಿ ಲಲಿತೆ ಬಿಟ್ಟುಬಂದಿದ್ದ ಗಂಡ.