ಬಿಸಿ ತಾಗಬಾರದ ಡಬ್ಬಿ

ಡಬ್ಬಿಯೊಳಗೆ ನೀರು ಕುಲುಕಿತು.

ಶಾನವಾಝ್ ಉಸಿರು ಬಿಗಿಹಿಡಿದ. ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದ್ದ ನೀಲಿ ಡಬ್ಬಿಯನ್ನು ಮೆಲ್ಲಗೆ ಅಲುಗಾಡಿಸಿದ. ಗುಳುಗುಳು. ಅನುಮಾನವೇ ಇಲ್ಲ, ಒಳಗಿನ ಐಸ್ ಕರಗುತ್ತಿದೆ.

ಕೊಲ್ಲಿ ನಾಡಿನ ಆಗಸ್ಟಿನ ನಡುಹಗಲು. ದೇರಾದ ಮೀನು ಮಾರ್ಕೆಟಿನ ಹಿಂದೆ ಅವನ ವ್ಯಾನು ಬಾನೆಟ್ ತೆರೆದು ಹಬೆ ಉಗುಳುತ್ತ ನಿಂತಿತ್ತು. ಎಸಿ ಸತ್ತು ಆಗಲೇ ಎಷ್ಟೋ ಹೊತ್ತಾಗಿತ್ತು. ಸೀಟಿನ ರೆಕ್ಸಿನ್ ಮುಟ್ಟಿದರೆ ಕೈ ಸುಡುತ್ತಿತ್ತು.

ಬೆಳಿಗ್ಗೆ ದೇರಾದ ಕ್ಲಿನಿಕ್ಕಿನ ಫ್ರಿಜ್ ಕೆಟ್ಟಿತ್ತು. ಅಲ್ಲಿದ್ದ ಮಕ್ಕಳ ಲಸಿಕೆಯನ್ನೆಲ್ಲ ಈ ಡಬ್ಬಿಗೆ ತುಂಬಿ, ಅಲ್ ಕೂಜ್ ಶಾಖೆಗೆ ಮುಟ್ಟಿಸಿ ಬಾ ಎಂದು ಇವನನ್ನು ಅಟ್ಟಿದ್ದರು. ಡಾಕ್ಟರು ತಮ್ಮ ತಣ್ಣನೆಯ ಕೋಣೆಯಿಂದ ಕಾಲು ಹೊರಗಿಡದೆ ಕೂಗಿ ಹೇಳಿದ್ದರು: "ಇದಕ್ಕೂ ಬಿಸಿ ತಾಗಿತೋ, ನಿನ್ನ ವೀಸಾ ಖಲಾಸ್!"

ಇವನ ವೀಸಾ ಹೋದರೆ ಅದಕ್ಕೆ ಜೋತುಕೊಂಡಿರುವ ಹೆಂಡತಿ ಮುಬೀನಳದ್ದೂ ಹೋಯಿತು, ಎರಡು ತಿಂಗಳ ಸಮೀಹಾಳದ್ದೂ ಹೋಯಿತು. ಈಗ ತಾಯಿ ಮಗಳು ಇಬ್ಬರೂ ಅಲ್ ಕೂಜಿನಲ್ಲಿ ಕಾಯುತ್ತಿದ್ದಾರೆ. ಮಗುವಿಗೆ ಕೊಡಬೇಕಾದ ಚುಚ್ಚುಮದ್ದೂ ಇದೇ ಡಬ್ಬಿಯಲ್ಲಿದೆ.

ಎಲ್ಲ ಆ ನರ್ಸ್ ದೀಪ್ತಿಯ ಕೆಲಸ. ಇವನು ಕಣ್ಣಾರೆ ಕಂಡಿದ್ದ. ಫ್ರೀಜರಿನಿಂದ ಕಲ್ಲಿನಂಥ ಐಸ್ ಪ್ಯಾಕು ತೆಗೆದವಳು ಸೀದಾ ಡಬ್ಬಿಗೆ ಹಾಕಬೇಕಿತ್ತೋ ಬೇಡವೋ? ಮೇಜಿನ ಮೇಲೆ ಹರಡಿಟ್ಟು, ಫೋನಿನಲ್ಲಿ ನಗುತ್ತ ಕೂತಳು. ಅವು ಬೆವರಿ, ಅರ್ಧ ನೀರಾಗಿ, ಕಿವಿಯ ಬಳಿ ಹಿಡಿದು ಕುಲುಕಿ ನೋಡಿದ ಮೇಲಷ್ಟೇ ತುಂಬಿದಳು. ಹಾಳಾದರೆ ಬೈಗುಳ ತಿನ್ನುವವನು ಡ್ರೈವರ್ ತಾನೆ!

ಅವಳಿಗೇ ಫೋನ್ ಹಚ್ಚಿದ.

"ಮೇಡಂ, ಗಾಡಿ ನಿಂತಿದೆ. ಒಳಗೆ ನೀರಿನ ಶಬ್ದ ಬರ್ತಾ ಉಂಟು."

"ಡಬ್ಬಿ ತೆರೀಬೇಡಿ ಶಾನವಾಝ್. ಸುಮ್ನೆ ತಗೊಂಡು ಹೋಗಿ, ಏನೂ ಆಗಲ್ಲ. ಪೇಷಂಟ್ ಇದ್ದಾರೆ, ಇಡ್ತೀನಿ."

ತೆರೆಯಬಾರದಂತೆ. ತೆರೆದರೆ ಅವಳ ಬಂಡವಾಳ ಬಯಲಾಗುತ್ತದಲ್ಲ! ಶಾನವಾಝ್ ಹಲ್ಲು ಕಡಿದ. ಡಬ್ಬಿಯನ್ನು ಎದೆಗವಚಿಕೊಂಡು ಮೀನು ಮಾರ್ಕೆಟಿನೊಳಕ್ಕೆ ಓಡಿದ.

ಅಲ್ಲಿ ಅಪ್ಪಿ ಇದ್ದ. ಮೊನ್ನೆಮೊನ್ನೆಯವರೆಗೆ ಇದೇ ವ್ಯಾನು ಓಡಿಸುತ್ತಿದ್ದವನು. ಒಂದು ಡಬ್ಬಿ ಲಸಿಕೆ ಹಾಳಾಯಿತೆಂದು ಡಾಕ್ಟರು ಅವನನ್ನು ನಿಂತ ಕಾಲಲ್ಲಿ ಓಡಿಸಿದ್ದರು. ಈಗ ಇಲ್ಲಿ ಮೀನು ಕೊಯ್ಯುತ್ತಾನೆ.

"ಎಂತ ಮಾರಾಯ, ಮುಖ ಒಣಗಿದ ಬಂಗುಡೆ ಹಾಗೆ ಆಗಿದೆ?"

"ಐಸ್ ಕೊಡು ಅಪ್ಪಿ. ಬೇಗ. ನನ್ನ ಹೆಂಡತಿ ಮಕ್ಕಳ ಪ್ರಶ್ನೆ."

ಡಬ್ಬಿ ನೋಡಿದ್ದೇ ಅಪ್ಪಿಯ ಕತ್ತಿ ನಿಂತಿತು. "ಅಯ್ಯೋ, ಇದಾ! ಅವತ್ತು ನಾನೇನು ಬಿಸಿಲಿಗೆ ಇಟ್ಟವನಾ? ಹೆದರಿ ಇದೇ ಮಾರ್ಕೆಟಿನ ಐಸ್ ಹಾಕಿಯೇ ಹೋದದ್ದು. ಆದ್ರೂ ಹಾಳಾಗಿದೆ ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಬಾಗಿಲು ತೋರಿಸಿದ್ರು."

"ಉಪ್ಪು ಹಾಕಿದ್ಯಾ?"

"ಇಲ್ಲ."

"ಅದೇ ನೋಡು ತಪ್ಪಿದ್ದು!"

ಎಂಟನೇ ಕ್ಲಾಸಿಗೆ ಪುಸ್ತಕ ಎಸೆದು ಉಳ್ಳಾಲದ ದೋಣಿಗಳಿಗೆ ಐಸ್ ಹೊತ್ತವನು ಶಾನವಾಝ್. ಐಸಿಗೆ ಉಪ್ಪು ಬೆರೆತರೆ ಚಳಿ ಎಷ್ಟು ಏರುತ್ತದೆಂದು ಅವನ ಬೆರಳುಗಳಿಗೇ ಗೊತ್ತು. ಅಂಥ ಪೆಟ್ಟಿಗೆಯಲ್ಲಿಟ್ಟ ಮೀನು ಕಲ್ಲಾಗಿ ಕೂರುತ್ತದೆ. ಅವನು ಮುಚ್ಚಳ ಕಿತ್ತ. ದೀಪ್ತಿಯ ಅರೆಕರಗಿದ ಪ್ಯಾಕುಗಳನ್ನು ಎತ್ತಿ ಎಸೆದ. ಪುಟ್ಟ ಪುಟ್ಟ ಬಾಟಲಿಗಳನ್ನು ಪ್ಲಾಸ್ಟಿಕ್ಕಿಗೆ ಸುತ್ತಿದ. ಕೆಳಗೆ ಐಸು, ಮೇಲೆ ಐಸು, ನಡುವೆ ಹಿಡಿಹಿಡಿ ಕಲ್ಲುಪ್ಪು. ಅಪ್ಪಿಯೂ ಕೈ ಸೇರಿಸಿದ. ಮುಚ್ಚಳದ ಮೇಲೆ ಯಾರೋ ಅಡ್ಡಡ್ಡ ಅಂಟಿಸಿದ್ದ ಹಳೆಯ ಟೇಪಿನಡಿಯಿಂದ, ಫ್ರೀಜರಿನ ಬಾಗಿಲ ಮೇಲಿರುವಂಥ ಮಂಜಿನ ಹೂವಿನ ಚಿತ್ರವೊಂದು ಅರ್ಧ ಇಣುಕುತ್ತಿತ್ತು. ಐಸಿನ ಡಬ್ಬಿ ಅಂತ ಚಿತ್ರ ಬೇರೆ ಬಿಡಿಸಿದ್ದಾರೆ. ಐಸ್ ಹಾಕಲು ಮಾತ್ರ ಇವರಿಗೆ ಸೋಮಾರಿತನ.

"ಈ ಸಲ ಅವರ ಬಾಯಿ ಮುಚ್ಚಿಸು," ಎಂದ ಅಪ್ಪಿ. "ನನ್ನ ಲೆಕ್ಕದ್ದೂ ಸೇರಿಸಿ ಮುಚ್ಚಿಸು."

ರೇಡಿಯೇಟರಿಗೆ ನೀರು ಹೊಯ್ದ ಮೇಲೆ ವ್ಯಾನು ಕೆಮ್ಮಿ ಎದ್ದಿತು. ದಾರಿಯುದ್ದಕ್ಕೂ ಟ್ರಾಫಿಕ್ಕು. ಶಾನವಾಝನ ಬೆನ್ನಿನಿಂದ ಬೆವರು ಧಾರೆಯಾಗಿ ಇಳಿಯಿತು. ಆದರೆ ಪ್ರತಿ ಸಿಗ್ನಲ್ಲಿನಲ್ಲೂ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ತಣ್ಣಗಿತ್ತು. ಯಾ ಅಲ್ಲಾಹ್, ಇನ್ನು ಸ್ವಲ್ಪ ಹೊತ್ತು. ಕೊನೆಯ ಸಿಗ್ನಲ್ಲಿಗೆ ಮುಟ್ಟುವಾಗ ಮುಚ್ಚಳದ ಅಂಚಿನಲ್ಲಿ ಬಿಳಿ ಮಂಜು ಕಟ್ಟಿತ್ತು.

ಅಲ್ ಕೂಜಿನ ಬೆಂಚಿನಲ್ಲಿ ಮುಬೀನ ಮಗುವಿನ ತೊಡೆಯ ಮೇಲಿನ ಬಟ್ಟೆ ಸರಿಸಿ ತಯಾರಾಗಿ ಕೂತಿದ್ದಳು. ಗಂಡನನ್ನು ಕಂಡು ಅವಳ ಕಣ್ಣು ತುಂಬಿತು.

"ಬಿಸಿ ತಾಗಿತಾ?"

"ತಾಗಲಿಕ್ಕೆ ಬಿಡ್ತೇನಾ ನಾನು?"

ಅಲ್ಲಿಯ ನರ್ಸ್ ಜೆಸ್ಸಿ ಮುಚ್ಚಳ ತೆರೆದಳು. ಒಳಗಿಂದ ಬಿಳಿಯ ಹೊಗೆಯಂಥ ಚಳಿ ಎದ್ದಿತು. ಅವಳು ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ಓರೆ ಮಾಡಿದಳು; ಒಳಗಿನ ಮದ್ದು ಕಲ್ಲಾಗಿತ್ತು, ಅಲುಗಲಿಲ್ಲ. ಇನ್ನೊಂದು ತೆಗೆದಳು. ಮತ್ತೊಂದು.

"ಇದನ್ನು ಯಾರು ಹೀಗೆ ತುಂಬಿದ್ದು?"

"ನಾನೇ ಮೇಡಂ," ಎಂದ ಶಾನವಾಝ್ ಎದೆ ಸೆಟೆಸಿ. "ಆ ದೀಪ್ತಿ ಕರಗಿದ ಐಸ್ ತುಂಬಿದ್ಳು. ನಂಬಿದ್ರೆ ಕೆಟ್ಟೆ."

ಜೆಸ್ಸಿ ಬಾಟಲಿ ಕೆಳಗಿಟ್ಟಳು. ಮೊದಲು ಮಗುವಿನ ತೊಡೆಯ ಮೇಲೆ ಬಟ್ಟೆ ಎಳೆದು ಮುಚ್ಚಿದಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ಅವನತ್ತ ತಿರುಗಿಸಿ, ಹಳೆಯ ಟೇಪನ್ನು ಉಗುರಿನಿಂದ ಸುಲಿದಳು.

ಮಂಜಿನ ಹೂವು ಪೂರ್ತಿ ಕಂಡಿತು. ಅದರ ಮೇಲೆ, ದಿನಾ ರಸ್ತೆಯಲ್ಲಿ ನೋಡುವ ನೋ ಪಾರ್ಕಿಂಗ್ ಫಲಕದಲ್ಲಿದ್ದಂತೆಯೇ, ಅಡ್ಡಕ್ಕೆ ಎಳೆದ ಕೆಂಪು ಗೆರೆ.