ಕೊಲಂಬಿಯಾದ ಜೋಡಿ

ಗಡಸುತನ ಅಳೆಯುವ ದ್ರಾವಣದ ಹದಿನೆಂಟನೆಯ ಹನಿಗೆ ನೀರಿನ ಬಣ್ಣ ತಿರುಗಿತು. ಭಾನುಪ್ರಕಾಶ ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ನಕ್ಕ.

"ಇದು ನೀರಲ್ಲಮ್ಮ, ಸುಣ್ಣ."

ತಿರುಪತಮ್ಮ ತೊಟ್ಟಿಯ ಅಂಚಿಗೆ ಕೈಯೂರಿ ನಿಂತಿದ್ದಳು. ನಳದ ನೀರೇ ಹಾಕುವುದೆಂದು ಅವಳು ಮೊದಲೇ ಹೇಳಿದ್ದಳು. ಅವನು ನಂಬಿರಲಿಲ್ಲ. ಈಗ ನಂಬಲೇಬೇಕಾಯಿತು. ಹಾಗಾದರೆ ಅವಳು ಹೇಳಿದ ಉಳಿದದ್ದೆಲ್ಲ ಸುಳ್ಳಾಗಿರಬೇಕು.

ಅವಳು ಹೇಳಿದ್ದು ಹೆಚ್ಚೇನಲ್ಲ. ಹೈದರಾಬಾದಿನ ಸಾಕುಮೀನಿನ ಅಂಗಡಿಯೊಂದರಲ್ಲಿ ಮೂರು ವರ್ಷ ಕಸ ಗುಡಿಸಿದ್ದಳು. ಪರದೇಶದ ಕಾಡುಹೊಳೆಯಿಂದ ಹಿಡಿದು ತಂದಿದ್ದ ನಾಲ್ಕು ಕುಬ್ಜ ಸಿಕ್ಲಿಡ್ ಮೀನುಗಳು ಸಾಯುವಂತಿದ್ದಾಗ, ಎಸೆಯಹೊರಟ ಅಂಗಡಿಯ ಸೇಠ್‌ನನ್ನು ಕೇಳಿ ಪಡೆದು ಗದ್ವಾಲ್‌ಗೆ ತಂದಿದ್ದಳು. ನೂಲಿಗೆ ಬಣ್ಣ ಹಾಕುತ್ತಿದ್ದ ಹಳೆಯ ಸಿಮೆಂಟ್ ತೊಟ್ಟಿಗಳಲ್ಲಿ ಬಿಟ್ಟಳು. ಅವು ಬದುಕಿದವು. ಮರಿ ಮಾಡಿದವು.

ಕೊನೆಯ ಮಾತೇ ಭಾನುಪ್ರಕಾಶನಿಗೆ ಅಪಥ್ಯವಾದದ್ದು. ಹೆಬ್ಬೆರಳುದ್ದದ ಆ ಮೀನಿನ ತವರು ಮಳೆನೀರಿನಷ್ಟು ಮೆದುವಾದ ಹೊಳೆ. ಗಡಸು ನೀರಿನಲ್ಲಿ ಅದರ ಮೊಟ್ಟೆ ಬಲಿಯುವುದಿಲ್ಲವೆಂದು ಅವನು ಓದಿದ್ದ. ಓದಿದ್ದನ್ನು ಕಂಡಕಂಡವರಿಗೆಲ್ಲ ಹೇಳಿದ್ದ. ನಾರಾಯಣಪೇಟೆಯ ಜೂನಿಯರ್ ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರದ ಲೆಕ್ಚರರ್. ಮೀನು ಸಾಕುವವರ ವಾಟ್ಸಾಪ್ ಗುಂಪಿನ ಯಜಮಾನನೂ ಅವನೇ. ಮಕ್ತಲ್‌ನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ಮೌನೇಶ್ ಆ ಗುಂಪಿಗೆ ತಿರುಪತಮ್ಮನ ಮರಿಗಳ ವಿಡಿಯೊ ಹಾಕಿದಾಗ, "ಸೀರೆ ನೇಯುವವರು ಸೀರೆ ನೇಯಲಿ" ಎಂದು ಬರೆದು ಬಾಯಿ ಮುಚ್ಚಿಸಿದ್ದ.

ನಾರಾಯಣಪೇಟೆ ಜಿಲ್ಲೆಯಾಗಿ ಆಗಷ್ಟೇ ಆರು ತಿಂಗಳಾಗಿತ್ತು. ಹೊಸ ರಾಜ್ಯ ಬಂದ ಮೇಲೆ ಗದ್ವಾಲ್ ತಮಗಿಂತ ಮೊದಲು ಜಿಲ್ಲೆಯಾದದ್ದನ್ನೇ ಅವನು ಕ್ಷಮಿಸಿರಲಿಲ್ಲ. ಗದ್ವಾಲ್‌ನ ಹೆಂಗಸೊಬ್ಬಳ ಮೀನುಗಳನ್ನು ಕ್ಷಮಿಸುವುದು ದೂರದ ಮಾತು.

ಅವನ ಮನೆಯ ಸಂಗತಿ ಮಾತ್ರ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೈದರಾಬಾದಿನ ವ್ಯಾಪಾರಿಗೆ ಹೇಳಿ ಅವನು ಕೊಲಂಬಿಯಾದ ಕಾಡುಮೀನು ಮೂರು ಜೋಡಿ ತರಿಸಿದ್ದ. ಮಕ್ತಲ್ ಕಡೆಯಿಂದ ಬಂದ ಬಸ್ಸಿನಲ್ಲಿ ಥರ್ಮಾಕೋಲ್ ಡಬ್ಬಿ ಬಂದಿತ್ತು. ವಿಮಾನ ಇಳಿದ ಮೀನನ್ನು ಸೀಟಿನಡಿ ತುರುಕಿದ್ದಕ್ಕೆ ಕಂಡಕ್ಟರನನ್ನು ಬೈದು ಇಳಿಸಿಕೊಂಡಿದ್ದ. ಆಗ ಅವು ಚುರುಕಾಗಿಯೇ ಇದ್ದವು. ಮನೆಗೆ ತಂದು, ಸೋಸಿ ಮೆದು ಮಾಡಿದ ನೀರಿಗೆ ಬಾದಾಮಿ ಎಲೆಯ ರಸ ಬೆರೆಸಿ, ಅದರಲ್ಲಿ ಬಿಟ್ಟ. ತಿಂಗಳೊಳಗೆ ಎರಡು ಜೋಡಿ ಸತ್ತವು. ಮೂರನೆಯದು ಮೇವು ಮುಟ್ಟದೆ ಮೂಲೆ ಹಿಡಿಯಿತು.

ನೀರು ಪರೀಕ್ಷಿಸಿ ಹೋದ ಮುಂದಿನ ಭಾನುವಾರ ಆ ಜೋಡಿಯನ್ನೇ ಅವನು ಗದ್ವಾಲ್‌ಗೆ ಹೊತ್ತು ತಂದ. ಸತ್ತರೆ ಅವಳ ಕೈಯಲ್ಲಿ ಸಾಯಲಿ ಎಂಬ ಯೋಚನೆಯೂ ಇತ್ತು.

"ಇವನ್ನ ಮರಿ ಮಾಡಿಸು," ಎಂದ. "ಆಗಲಿಲ್ಲಂದ್ರ, ಇಷ್ಟು ದಿನ ಹೇಳಿದ್ದು ಸುಳ್ಳಂತ ಎಲ್ಲರಿಗೂ ಒಪ್ಪಿಕೊ."

ಮಗ್ಗದ ಗುಂಡಿಯಲ್ಲಿ ಕೂತಿದ್ದ ಅವಳ ಗಂಡ ಮಾರ್ಕಂಡೇಯ ಕೈ ನಿಲ್ಲಿಸಿ ಕೇಳಿದ. "ಆದ್ರ?"

"ಆದ್ರ ನಾ ಗುಂಪು ಬಿಡ್ತೀನಿ. ಮತ್ತ ಮೀನಿನ ಮಾತು ಆಡಂಗಿಲ್ಲ."

ತಿರುಪತಮ್ಮ ಪ್ಲಾಸ್ಟಿಕ್ ಚೀಲವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಎಲ್ಲಿಂದ ತಂದಿರಿ ಎಂದು ಕೇಳಿದಳು.

"ಕೊಲಂಬಿಯಾ. ಅದು ಎಲ್ಲೈತಂತ ನಿನಗ ತಿಳಿಯಂಗಿಲ್ಲ."

ಅವಳು ಏನೋ ಹೇಳಹೋದಳು. ಅವನು ಕೈಯೆತ್ತಿ ತಡೆದು, ಕಾಡು, ಹೊಳೆ, ನೀರಿನ ಗುಣ ಎಂದು ಕಾಲು ಗಂಟೆ ಪಾಠ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಜೋಡಿಯನ್ನು ತೊಟ್ಟಿಗೆ ಬಿಟ್ಟಳು. ತಿಂಗಳಿಂದ ಅಲುಗಾಡದಿದ್ದ ಹೆಣ್ಣು ನೇರವಾಗಿ ಹೋಗಿ ಮಡಕೆಯ ಚೂರಿನಡಿ ಸೇರಿತು.

ಸಾಯಲು ಜಾಗ ಹುಡುಕುತ್ತಿದೆ ಎಂದು ಭಾನುಪ್ರಕಾಶ ಹೇಳಿ ಹೊರಟ.

ಐದು ವಾರದ ಮೇಲೆ ಮೌನೇಶ್ ಫೋನ್ ಮಾಡಿ, ಗದ್ವಾಲ್‌ಗೆ ಒಮ್ಮೆ ಹೋಗಿ ಬನ್ನಿ ಎಂದಷ್ಟೇ ಹೇಳಿದ. ಬಸ್ಸಿನುದ್ದಕ್ಕೂ ಭಾನುಪ್ರಕಾಶ ಹೇಗೆ ಗದರಬೇಕೆಂದು ಯೋಚಿಸಿದ. ಬಂದವನೇ ತೊಟ್ಟಿಯೊಳಗೆ ಇಣುಕಿದ.

ಹೆಣ್ಣು ಅರಿಶಿನ ಬಳಿದಂತಾಗಿತ್ತು. ಅದರ ಸುತ್ತ, ರಾಗಿ ಚೆಲ್ಲಿದಂತೆ, ಮರಿಗಳು. ತಾಯಿ ಹೊರಳಿದರೆ ಹೊರಳುತ್ತಿದ್ದವು, ನಿಂತರೆ ನಿಲ್ಲುತ್ತಿದ್ದವು. ಐದು ವರ್ಷದಿಂದ ಅವನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದ ನೋಟ. ಅವನಿಗರಿವಿಲ್ಲದೆ ಮೊಣಕಾಲೂರಿ ಕೂತಿದ್ದ.

ತಿರುಪತಮ್ಮ ಚಹಾ ತಂದಿಟ್ಟಳು. ಚಹಾ ಕುಡಿಯುವಷ್ಟರಲ್ಲಿ ಅವನು ಮತ್ತೆ ಲೆಕ್ಚರರ್ ಆಗಿದ್ದ. ಎದ್ದು ಪ್ಯಾಂಟು ಕೊಡವಿಕೊಂಡ. ಗುಂಪು ಬಿಡುವ ಮಾತು ಎತ್ತಲಿಲ್ಲ.

"ಇದು ನಿನ್ನ ಕೈಗುಣ ಅಂತ ತಿಳೀಬ್ಯಾಡ," ಎಂದ. "ಕಾಡಿನ ರಕ್ತ. ಕೊಲಂಬಿಯಾದ ಹೊಳಿಯಾಗ ಹುಟ್ಟಿದ್ದಕ್ಕ ನಿನ್ನ ಸುಣ್ಣದ ನೀರನ್ನೂ ತಡಕೊಂಡಾವ. ಇಲ್ಲಿ ಹುಟ್ಟಿದ ಮೀನಾಗಿದ್ರ ಎಂದೋ ಸಾಯ್ತಿದ್ವು."

"ನಿಮ್ಮ ಮಾತು ಮುಗೀತಂದ್ರ ಒಂದು ಹೇಳ್ತೀನ್ರಿ ಸಾರ್," ಎಂದಳು ತಿರುಪತಮ್ಮ. "ನಾರಾಯಣಪೇಟೆ ಲೆಕ್ಚರರ್‌ಗೆ ಮೂರು ಜೋಡಿ ಬೇಕಂತ ಹೈದರಾಬಾದ್ ಸೇಠ್ ಫೋನ್ ಮಾಡಿದಾಗ, ನಾನೇ ಈ ತೊಟ್ಟಿಯಿಂದ ಹಿಡಿದು ಕಳಿಸಿದ್ದೆ."