ಕುಂಕುಮ ಹತ್ತಿದ ಟಯರು

ಕಾಂತಮ್ಮನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಕೊರಗಪ್ಪ ಕಾರಿನ ಮಡ್‌ಗಾರ್ಡಿನ ಒಳಗಡೆ ಸವರಿದ. “ಈಗ ಎಲ್ಲರೂ ಕೂತ್ಕೊಳ್ಳಿ ಮಾರಾಯ್ರೆ. ಟಯರಿಗೆ ಕೆಂಪು ಹತ್ತಿದ್ರೆ ಉಜ್ಜುತ್ತದೆ ಅಂತ ಲೆಕ್ಕ. ಅಮ್ಮಾನಿನ ದಾರಿಯಲ್ಲಿ ಉಜ್ಜಿ ಹರಿದ್ರೆ ಮರುಭೂಮಿಯೇ ಗತಿ.”

ಇರಾಕಿನ ಸೈನ್ಯ ಬಂದ ಮೇಲೆ ಕುವೈತಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಊರಿಗೆ ವಿಮಾನ ಹತ್ತಲು ಜೋರ್ಡಾನಿನ ಅಮ್ಮಾನಿನವರೆಗೆ ಕಾರಿನಲ್ಲೇ ಹೋಗಬೇಕಿತ್ತು. ಮಧುಸೂದನನ ಕಾರಿನ ಹಿಂದಿನ ಚಕ್ರಗಳನ್ನು ಯಾರೋ ಕಳಚಿಕೊಂಡು ಹೋಗಿದ್ದರು. ಕೆಳಮನೆಯ ಕೊರಗಪ್ಪ ಜಾಬ್ರಿಯಾದ ಆಸ್ಪತ್ರೆಯಲ್ಲಿ ಅಡುಗೆಯವನು. ರೋಗಿಗಳನ್ನು ಬಿಟ್ಟು ಹೊರಡುವುದಿಲ್ಲ ಎಂದಿದ್ದ. ತನ್ನ ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಅದರ ಅಗಲವಾದ ಚಕ್ರಗಳನ್ನು ಇದಕ್ಕೆ ಹಾಕಿದ್ದ.

ಮಧುಸೂದನ, ಹೆಂಡತಿ, ಮಕ್ಕಳು, ತಾಯಿ ಕಾಂತಮ್ಮ ಎಲ್ಲರೂ ಹತ್ತಿದರು. ಕಾರು ರಸ್ತೆಯ ಉಬ್ಬು ದಾಟಿ ಬಂದು ನಿಂತಿತು. ಟಯರಿನ ಮೇಲೆ ಕೆಂಪು ಗೆರೆ ಮೂಡಿತ್ತು.

“ಡಿಕ್ಕಿಯಲ್ಲಿ ಇಷ್ಟು ಭಾರದ್ದು ಎಂತ ಉಂಟು?” ಎನ್ನುತ್ತಾ ಕೊರಗಪ್ಪ ಹಾಸಿಗೆ ಸುರುಳಿಯನ್ನು ಸರಿಸಿದ. ಅಡಿಯಲ್ಲಿ ರುಬ್ಬುವ ಕಲ್ಲು ಕೂತಿತ್ತು.

“ಏನಮ್ಮಾ ಇದು, ಮರಳುಗಾಡಲ್ಲಿ ದೋಸೆ ಹುಯ್ಯೋಕಾ?” ಮಧುಸೂದನ ರೇಗಿದ.

“ನಮ್ಮತ್ತೆ ಕೊಟ್ಟಿದ್ದು ಕಣೋ,” ಎಂದ ಕಾಂತಮ್ಮನ ಕಣ್ಣು ಇಟ್ಟಿಗೆಯ ಮೇಲಿದ್ದ ಆ ಕಾರಿನ ಕಡೆ ಹೋಯಿತು. ಅವರು ಇಳಿದು ಬಂದು ಕಲ್ಲನ್ನೊಮ್ಮೆ ಸವರಿದರು. “ಕೊರಗಪ್ಪಾ, ಇದು ನಿನ್ನ ಮನೇಲಿರಲಿ. ಉದ್ದು ಬೆಣ್ಣೆ ಹಾಗೆ ಬರುತ್ತೆ.”

ಎರಡನೇ ಸಲ ಟಯರಿಗೆ ಕೆಂಪು ಹತ್ತಲಿಲ್ಲ. ಬಟ್ಟಲಲ್ಲಿ ಉಳಿದಿದ್ದ ಕುಂಕುಮವನ್ನು ಕಾಂತಮ್ಮ ಬೆರಳಿನಿಂದ ಬಳಿದು, ಚಕ್ರದ ಪಕ್ಕ ಕೂತಿದ್ದ ಕೊರಗಪ್ಪನ ಹಣೆಗೆ ಇಟ್ಟರು.